ಚಂಡಮಾರುತದ ರಾತ್ರಿ ನೆನಪಾದ ಒಲೆ: ಐರ್ಲೆಂಡ್‌ನ ಹಳೆ ಅಗ್ಗಿಷ್ಟಿಕೆ ಸುಲಭಕ್ಕೆ ಆರುತ್ತಿಲ್ಲ ಯಾಕೆ?

2025ರ ಜನವರಿ 24ರಂದು ಎಯೊವಿನ್ ಚಂಡಮಾರುತ ಐರ್ಲೆಂಡ್‌ಗೆ ಅಪ್ಪಳಿಸಿದಾಗ ಗಾಳಿಯ ವೇಗ ಗಂಟೆಗೆ 180 ಕಿ.ಮೀ. ದಾಟಿತ್ತು. 7.68 ಲಕ್ಷ ಮನೆ, ಅಂಗಡಿ, ಫಾರ್ಮ್‌ಗಳಿಗೆ ಕರೆಂಟ್ ಹೋಯಿತು. ಇಡೀ ದೇಶದ ಜನಸಂಖ್ಯೆಯೇ ಬೆಂಗಳೂರಿನ ಅರ್ಧದಷ್ಟಿಲ್ಲ ಎಂಬುದನ್ನು ಗಮನಿಸಿದರೆ ಈ ಸಂಖ್ಯೆ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಪಶ್ಚಿಮದ ಕೆಲವು ಹಳ್ಳಿಗಳಲ್ಲಿ ಎರಡು ವಾರ ಕಳೆದರೂ ಬೆಳಕು ಬಂದಿರಲಿಲ್ಲ.

ಕೊರೆಯುವ ಚಳಿ. ಟ್ಯಾಂಕ್ ತುಂಬ ಸೀಮೆಎಣ್ಣೆ ಇದ್ದವರ ಆಯಿಲ್ ಬಾಯ್ಲರ್ ಕೂಡ ಉರಿಯಲಿಲ್ಲ, ಯಾಕೆಂದರೆ ಅದರ ಬರ್ನರ್‌ಗೂ ಪಂಪ್‌ಗೂ ಕರೆಂಟ್ ಬೇಕು. ಸರ್ಕಾರ ಸಬ್ಸಿಡಿ ಕೊಟ್ಟು ಹಾಕಿಸುತ್ತಿರುವ ಹೀಟ್ ಪಂಪ್ ಅಂತೂ ಕರೆಂಟ್‌ನಿಂದಲೇ ನಡೆಯುವಂಥದ್ದು. ಬೆಚ್ಚಗಿದ್ದದ್ದು, 'ಇನ್ನು ಇದನ್ನು ಬಿಡಿ' ಎಂದು ಸರ್ಕಾರ ವರ್ಷಗಳಿಂದ ಹೇಳುತ್ತ ಬಂದ ಹಳೆ ಅಗ್ಗಿಷ್ಟಿಕೆ ಇದ್ದ ಮನೆಗಳು.

ಈ ಅಗ್ಗಿಷ್ಟಿಕೆಗಳಲ್ಲಿ ಹಲವಕ್ಕೆ ಬೆನ್ನ ಹಿಂದೆ ಒಂದು ನೀರಿನ ಪೆಟ್ಟಿಗೆ ಇರುತ್ತದೆ. ಅದೇ 'ಬ್ಯಾಕ್ ಬಾಯ್ಲರ್'. ಮುಂದೆ ಬೆಂಕಿ ಕೋಣೆಯನ್ನು ಬೆಚ್ಚಗಿಡುತ್ತದೆ, ಹಿಂದೆ ನೀರು ಕಾಯುತ್ತದೆ. ಬಿಸಿನೀರು ಹಗುರವಾಗಿ ತಾನೇ ಮೇಲೇರಿ ಮಹಡಿಯ ತಾಮ್ರದ ಸಿಲಿಂಡರ್ ಸೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಸಣ್ಣ ಪಂಪ್ ಇದ್ದರೆ ಅದೇ ನೀರು ಮನೆಯ ರೇಡಿಯೇಟರ್‌ಗಳಿಗೂ ಹರಿಯುತ್ತದೆ.

ಮಲೆನಾಡಿನ ಬಚ್ಚಲ ಒಲೆ ಮೇಲಿನ ಹಂಡೆ ಕಂಡವರಿಗೆ, ಮುಂಬೈ-ಪುಣೆಯ ಹಳೆ ಮನೆಗಳಲ್ಲಿ ಹೊಗೆಯಾಡುತ್ತಿದ್ದ ತಾಮ್ರದ ಬಂಬ್‌ನ ನೀರಲ್ಲಿ ಸ್ನಾನ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ, ಅಲ್ಲಿ ಹಂಡೆ ಬೈಠಕ್ ಕೋಣೆಯ ಗೋಡೆಯೊಳಗಿದೆ.

ಹೊಗೆಯ ಲೆಕ್ಕ

ಸರ್ಕಾರದ ವಾದ ಪೊಳ್ಳಲ್ಲ. ತೆರೆದ ಅಗ್ಗಿಷ್ಟಿಕೆಯಲ್ಲಿ ಉರಿದ ಇಂಧನದ ಶಾಖದಲ್ಲಿ ಕೋಣೆಗೆ ಸಿಗುವುದು ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಉಳಿದದ್ದು ಚಿಮಣಿ ದಾರಿ ಹಿಡಿಯುತ್ತದೆ. ಬ್ಯಾಕ್ ಬಾಯ್ಲರ್ ಸೇರಿದರೆ ಅರ್ಧದಷ್ಟು ದಕ್ಕೀತು. ಬೆಂಕಿ ಆರಿದ ಮೇಲೂ ಅದೇ ಚಿಮಣಿ ಮನೆಯ ಬಿಸಿಗಾಳಿಯನ್ನು ಎಳೆದು ಹೊರಹಾಕುತ್ತಿರುತ್ತದೆ.

ಇದಕ್ಕಿಂತ ಗಂಭೀರವಾದದ್ದು ಹೊಗೆ. 1980ರ ದಶಕದ ಡಬ್ಲಿನ್ ಚಳಿಗಾಲದಲ್ಲಿ ಇಂದಿನ ದೆಹಲಿಯಂತೆ ಹೊಗೆಮಂಜಿನಲ್ಲಿ ಮುಳುಗುತ್ತಿತ್ತು. 1990ರಲ್ಲಿ ಅಲ್ಲಿ ಹೊಗೆ ಉಗುಳುವ ಕಲ್ಲಿದ್ದಲಿನ ಮಾರಾಟ ನಿಷೇಧಿಸಲಾಯಿತು. ಗಾಳಿಯಲ್ಲಿನ ಕಪ್ಪು ಹೊಗೆ ಸುಮಾರು ಶೇ. 70ರಷ್ಟು ಇಳಿಯಿತು. ಈಗಲೂ ಸೂಕ್ಷ್ಮ ಕಣಗಳ ಮಾಲಿನ್ಯದಿಂದ ದೇಶದಲ್ಲಿ ವರ್ಷಕ್ಕೆ 1,300ಕ್ಕೂ ಹೆಚ್ಚು ಅಕಾಲಿಕ ಸಾವು ಸಂಭವಿಸುತ್ತಿವೆ ಎಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಅದಕ್ಕೆ ಮುಖ್ಯ ಕಾರಣ ಮನೆಗಳಲ್ಲಿ ಉರಿಸುವ ಕಲ್ಲಿದ್ದಲು, ಟರ್ಫ್, ಸೌದೆ.

ಟರ್ಫ್ ಎಂದರೆ ಜೌಗುನೆಲದಿಂದ ಇಟ್ಟಿಗೆಯಂತೆ ಕತ್ತರಿಸಿ, ಬೇಸಿಗೆಯಲ್ಲಿ ಒಣಗಿಸಿ ಪೇರಿಸಿಡುವ ಇಂಧನ. ಕಾಸು ಕಡಿಮೆ, ಮೈಮುರಿತ ಹೆಚ್ಚು. ಅದನ್ನು ಕತ್ತರಿಸುವ ಹಕ್ಕು ಹಲವು ಕುಟುಂಬಗಳಿಗೆ ತಲೆಮಾರುಗಳಿಂದ ಬಂದಿದೆ. 2022ರಲ್ಲಿ ಪರಿಸರ ಸಚಿವ, ಗ್ರೀನ್ ಪಕ್ಷದ ಏಮನ್ ರಯಾನ್ ಇದರ ಮಾರಾಟಕ್ಕೆ ಕಡಿವಾಣ ಹಾಕಲು ಹೊರಟಾಗ ಮೈತ್ರಿ ಸರ್ಕಾರದ ಗ್ರಾಮೀಣ ಸಂಸದರೇ ತಿರುಗಿಬಿದ್ದರು. ಉಕ್ರೇನ್ ಯುದ್ಧದಿಂದ ತೈಲ, ಅನಿಲದ ಬೆಲೆ ಗಗನಕ್ಕೇರಿದ್ದ ಹೊತ್ತು ಅದು.

ಕೊನೆಗೆ ಬಂದದ್ದು ರಾಜಿ ಸೂತ್ರ. 2022ರ ಅಕ್ಟೋಬರ್ 31ರಿಂದ ಹೊಗೆಯ ಕಲ್ಲಿದ್ದಲು, ಹಸಿ ಸೌದೆಯ ಮಾರಾಟಕ್ಕೆ ದೇಶವ್ಯಾಪಿ ನಿರ್ಬಂಧ. ಟರ್ಫ್ ಅನ್ನು ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ, ಜಾಹೀರಾತು ಕೊಟ್ಟು ಮಾರುವಂತಿಲ್ಲ. ಆದರೆ ಹಕ್ಕುದಾರರು ಕತ್ತರಿಸಿ ಉರಿಸಬಹುದು, ನೆರೆಹೊರೆಗೂ ಕೊಡಬಹುದು. ಊರಿನವರಿಗೆ ಊರಿನ ದಾರಿ ಉಳಿಯಿತು, ಪೇಟೆಯ ಬಡವರ ದಾರಿ ಮುಚ್ಚಿತು. 2024ರ ಚುನಾವಣೆಯಲ್ಲಿ ಗ್ರೀನ್ ಪಕ್ಷ 12 ಸ್ಥಾನಗಳಿಂದ ಒಂದಕ್ಕೆ ಕುಸಿಯಿತು. ಅದಕ್ಕೆ ಟರ್ಫ್ ಒಂದೇ ಕಾರಣವಲ್ಲ, ಆದರೆ ಹಳ್ಳಿಯ ಮುನಿಸಿಗೆ ಅದೊಂದು ಹೆಸರಾಗಿತ್ತು.

ಯಾರ ಕೈಗೆಟಕುವ ಬದಲಾವಣೆ?

ಇಂಗಾಲ ತೆರಿಗೆ ಪ್ರತಿ ವರ್ಷ ಏರುತ್ತಿದೆ. 2025ರ ಬಜೆಟ್‌ನಲ್ಲಿ ಟನ್‌ಗೆ 63.50 ಯೂರೋ ಆದ ಅದು 2030ಕ್ಕೆ 100 ಯೂರೋ ಮುಟ್ಟಬೇಕು. ಕಲ್ಲಿದ್ದಲು, ತೈಲ ಎರಡಕ್ಕೂ ಅದರ ಬಿಸಿ ತಟ್ಟುತ್ತದೆ. 2030ರೊಳಗೆ 5 ಲಕ್ಷ ಮನೆಗಳನ್ನು ದುರಸ್ತಿ ಮಾಡಿ ಶಾಖ ಸೋರದಂತೆ ಮಾಡುವುದು, 4 ಲಕ್ಷ ಹಳೆ ಮನೆಗಳಿಗೆ ಹೀಟ್ ಪಂಪ್ ಹಾಕಿಸುವುದು ಗುರಿ. ತೆರಿಗೆಯ ಒಂದು ಪಾಲು ಇದಕ್ಕೂ, ಬಡವರ ನೆರವಿಗೂ ಹೋಗುತ್ತದೆ. 2024-25ರ ಚಳಿಗಾಲದಲ್ಲಿ ಇಂಧನ ಭತ್ಯೆ ವಾರಕ್ಕೆ 33 ಯೂರೋ ಇತ್ತು.

ಲೆಕ್ಕ ತಪ್ಪುವುದು ಇಲ್ಲೇ. ಸಂಪೂರ್ಣ ದುರಸ್ತಿಗೆ ಸರ್ಕಾರ ಖರ್ಚಿನ ಅರ್ಧದಷ್ಟು ಕೊಟ್ಟರೂ ಉಳಿದ ಅರ್ಧವೇ ಹತ್ತಾರು ಸಾವಿರ ಯೂರೋ ಆಗಬಹುದು. ಸಂಬಳದ ಮೇಲೆ ಸಾಲ ಸಿಗುವ ದಂಪತಿಗೆ ಅದು ಸಾಧ್ಯ. ಪಿಂಚಣಿಯಲ್ಲಿ ಬದುಕುವ, ಹಿತ್ತಿಲಲ್ಲಿ ಟರ್ಫ್ ಪೇರಿಸಿಟ್ಟ 75ರ ಅಜ್ಜಿಗೆ ಅಲ್ಲ. ಸರ್ಕಾರಿ ಭತ್ಯೆ ಪಡೆಯುವವರಿಗೆ ಉಚಿತ ದುರಸ್ತಿ ಯೋಜನೆ ಇದೆ, ಸರದಿ ಮಾತ್ರ ಉದ್ದ. ಅಲ್ಲಿವರೆಗೆ ತೆರಿಗೆ ಕಟ್ಟುವವರು, ಹೊಗೆ ಕುಡಿಯುವವರು ಇಬ್ಬರೂ ಅವರೇ.

ಇನ್ನೊಂದು ತೊಡಕು, ಹೀಟ್ ಪಂಪ್ ಚೆನ್ನಾಗಿ ನಡೆಯಬೇಕಾದರೆ ಗಾಳಿ ಸೋರಬಾರದು. ಅಂದರೆ ಬಹುಪಾಲು ಚಿಮಣಿ ಮುಚ್ಚಲೇಬೇಕು. ಎಯೊವಿನ್ ಬಳಿಕ ಹಳ್ಳಿಯವರು ಅನುಮಾನಿಸುತ್ತಿರುವುದು ಇದನ್ನೇ. ಹಾಗೆಂದು ಹಳೆ ಅಗ್ಗಿಷ್ಟಿಕೆಯೂ ಕರೆಂಟ್ ಇಲ್ಲದೆ ಪೂರ್ತಿ ಸುರಕ್ಷಿತವಲ್ಲ ಎಂಬುದನ್ನು ಆ ಚರ್ಚೆ ಮರೆಯುತ್ತದೆ. ಪಂಪ್ ನಿಂತಾಗ ಬೆಂಕಿ ಜೋರಾಗಿ ಉರಿಸಿದರೆ ಬಾಯ್ಲರ್ ನೀರು ಕುದಿಯತೊಡಗುತ್ತದೆ. ಪೈಪ್ ಹೆಪ್ಪುಗಟ್ಟಿದ್ದರೆ ಹಬೆಗೆ ದಾರಿಯಿಲ್ಲದೆ ಸ್ಫೋಟಿಸಲೂಬಹುದು. ಸಣ್ಣ ಬೆಂಕಿ, ತಾನಾಗಿ ನೀರು ಹರಿಯುವ ಒಂದು ರೇಡಿಯೇಟರ್, ತೆರೆದ ಹಬೆ ಪೈಪ್ ಇದ್ದರಷ್ಟೇ ಸರಿ. ಬಾಗಿಲಿರುವ ಸ್ಟವ್ ಇದಕ್ಕಿಂತ ಎಷ್ಟೋ ವಾಸಿ. ಕಡಿಮೆ ಸೌದೆ, ಕಡಿಮೆ ಹೊಗೆ. ತುರ್ತಿಗೊಂದು ಸ್ಟವ್ ಉಳಿಸಿಕೊಂಡೇ ಮನೆ ದುರಸ್ತಿ ಮಾಡಲು ಧಾರಾಳವಾಗಿ ನೆರವು ಕೊಡುವುದು ಸೋಲೊಪ್ಪಿಕೊಂಡಂತೆ ಅಲ್ಲ.

ದೆಹಲಿ ಕನ್ನಡಿಗರಿಗೂ ಇದು ಪರಿಚಿತ ಇಕ್ಕಟ್ಟು. ಮಾಲಿನ್ಯ ಏರಿದಾಗ ಜಾರಿಯಾಗುವ ಅಲ್ಲಿನ ಕ್ರಿಯಾಯೋಜನೆ ಬಯಲಲ್ಲಿ ಬೆಂಕಿ ಹಾಕಬೇಡಿ ಎನ್ನುವುದರ ಜೊತೆಗೆ, ರಾತ್ರಿ ಕಾವಲುಗಾರರಿಗೆ ಎಲೆಕ್ಟ್ರಿಕ್ ಹೀಟರ್ ಕೊಡಿ ಎಂದು ನಿವಾಸಿಗಳ ಸಂಘಗಳಿಗೆ ಹೇಳುತ್ತದೆ. ಮೊದಲ ಮಾತಿಗೆ ದಂಡ ಉಂಟು. ಎರಡನೆಯದು ನಡೆಯುತ್ತಿದೆಯೇ ಎಂದು ರಾತ್ರಿ ಗೇಟಿನ ಬಳಿ ಹೋಗಿ ನೋಡುವವರು ಕಡಿಮೆ.

ಐರ್ಲೆಂಡ್‌ನಲ್ಲಿ 2022ರ ಜನಗಣತಿ ವೇಳೆಗೆ 45 ಸಾವಿರಕ್ಕೂ ಹೆಚ್ಚು ಭಾರತೀಯ ಪ್ರಜೆಗಳಿದ್ದರು. ನರ್ಸ್, ಟೆಕಿಗಳಾಗಿ ಹೋದ ಕನ್ನಡಿಗರೂ ಅವರಲ್ಲಿದ್ದಾರೆ. ಹಳೆ ಬಾಡಿಗೆ ಮನೆ ಹಿಡಿಯುವವರು ಅಗ್ಗಿಷ್ಟಿಕೆ ಚೆಂದ ಕಂಡಿತೆಂದು ಮೊದಲ ಚಳಿಗೇ ಬೆಂಕಿ ಹಚ್ಚುವ ಮುನ್ನ ಮಾಲೀಕರಿಗೆ ಎರಡು ಪ್ರಶ್ನೆ ಕೇಳಬೇಕು. ಚಿಮಣಿ ಗುಡಿಸಿ ಎಷ್ಟು ದಿನವಾಯಿತು? ಹಿಂದೆ ಹಳೆ ಬಾಯ್ಲರ್ ಇದೆಯೇ, ಅದಕ್ಕೆ ನೀರು ಹರಿಯುತ್ತಿದೆಯೇ? ಪೈಪ್ ಮುಚ್ಚಿ ಹಾಗೇ ಬಿಟ್ಟ ಬಾಯ್ಲರ್ ಮುಂದೆ ಬೆಂಕಿ ಹಚ್ಚಿ ಸ್ಫೋಟವಾದ, ಜೀವ ಹೋದ ಪ್ರಕರಣ ಪಕ್ಕದ ಬ್ರಿಟನ್‌ನಲ್ಲಿ ನಡೆದಿದೆ. ಆ ಬಳಿಕ ಅಲ್ಲಿನ ಸುರಕ್ಷತಾ ಇಲಾಖೆ ಎಚ್ಚರಿಕೆಯನ್ನೂ ಹೊರಡಿಸಿತ್ತು.