ತೊಳೆಯಲು 8 ಕೆ.ಜಿ., ಒಣಗಿಸಲು 5

ಜೂನ್ ಹುಟ್ಟಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಕದ್ರಿ, ಬಿಜೈ, ಕೊಟ್ಟಾರ, ಸುರತ್ಕಲ್, ಎಲ್ಲಿಂದ ಬಂದರೂ ದೂರು ಒಂದೇ: ‘ತೊಳೆಯುದೆಲ್ಲ ಸರಿ ಉಂಟು, ಒಣಗುದೇ ಇಲ್ಲ ಮಾರಾಯ್ರೆ.’ ಮಂಗಳೂರಿನಲ್ಲಿ ವಾಷಿಂಗ್ ಮಷಿನ್ ರಿಪೇರಿ ಮಾಡುತ್ತಲೇ ತಲೆ ನರೆತವನು ನಾನು. ಒಂದೇ ಡ್ರಮ್ಮಿನಲ್ಲಿ ತೊಳೆದು ಒಣಗಿಸಿಯೂ ಕೊಡುವ ವಾಷರ್-ಡ್ರೈಯರುಗಳು ಫ್ಲ್ಯಾಟುಗಳಿಗೆ ಬರತೊಡಗಿದ ಮೇಲೆ ಮಳೆಗಾಲದ ನನ್ನ ದುಡಿಮೆಯಲ್ಲಿ ಅವುಗಳದ್ದೇ ದೊಡ್ಡ ಪಾಲು. ಆದರೆ ಹೋಗಿ ಬಿಚ್ಚಿ ನೋಡಿದರೆ ಬಹಳಷ್ಟು ಮನೆಗಳಲ್ಲಿ ಮಷಿನ್ ಕೆಟ್ಟಿರುವುದೇ ಇಲ್ಲ. ಮಾರುವಾಗ ಹೇಳಬೇಕಾದ ಮಾತನ್ನು ಹೇಳದೆ ಬಿಟ್ಟಿರುತ್ತಾರೆ, ಅಷ್ಟೆ.

ಶೋರೂಮಿನಲ್ಲಿ ಮಷಿನ್ನಿನ ಎದುರಿಗೆ ದಪ್ಪ ಅಂಕಿಯಲ್ಲಿ 8 ಕೆ.ಜಿ. ಎಂದು ಅಂಟಿಸಿರುತ್ತಾರೆ. ಅದು ತೊಳೆಯುವ ಲೆಕ್ಕ. ಒಣಗಿಸುವ ಲೆಕ್ಕ ಅದರ ಪಕ್ಕದಲ್ಲೋ ಹಿಂದಿನ ಚೀಟಿಯಲ್ಲೋ ಸಣ್ಣಗೆ ಕೂತಿರುತ್ತದೆ: 5 ಕೆ.ಜಿ., ಕೆಲವು ಮಾದರಿಗಳಲ್ಲಿ ಅದಕ್ಕೂ ಕಡಿಮೆ. ಬಿಸಿಗಾಳಿ ಒಳಹೊಕ್ಕು ಹೊರಡಬೇಕಾದರೆ ಬಟ್ಟೆ ಡ್ರಮ್ಮಿನಲ್ಲಿ ಎದ್ದು ಬೀಳಬೇಕು, ಅದಕ್ಕೆ ಜಾಗ ಬೇಕು. ಅಡಿಕೆಯನ್ನು ಗೋಣಿಯಲ್ಲೇ ತುಂಬಿಟ್ಟು ಒಣಗಿಸುವವರು ಉಂಟೇ? ಅಂಗಳದಲ್ಲಿ ಹರಡಲೇಬೇಕಲ್ಲ. 5 ಕೆ.ಜಿ. ಅಂದರೆ ಎರಡು ಡಬಲ್ ಬೆಡ್‌ಶೀಟು, ಮೂರ್ನಾಲ್ಕು ಸ್ನಾನದ ಟವೆಲು, ಒಂದೆರಡು ಜೀನ್ಸು. ಅಷ್ಟಕ್ಕೇ ಮುಗಿಯಿತು. ಐದು ಜನರ ಮನೆಯ ಒಂದು ದಿನದ ಬಟ್ಟೆಯನ್ನು ತುಂಬಿ ‘ವಾಶ್ ಪ್ಲಸ್ ಡ್ರೈ’ ಒತ್ತಿ ಮಲಗಿದವರು ಬೆಳಿಗ್ಗೆ ಬಾಗಿಲು ತೆರೆದರೆ ಸಿಗುವುದು ಹಬೆಯಲ್ಲಿ ಬೆಂದ, ಸುಕ್ಕುಗಟ್ಟಿದ ಒದ್ದೆ ಬಟ್ಟೆ. ಎರಡೂ ಕೆಲಸವನ್ನು ಒಂದೇ ಸಲಕ್ಕೆ ಮಾಡಿಸಬೇಕಾದರೆ ಮೊದಲಿನಿಂದಲೇ ಒಣಗಿಸುವ ಲೆಕ್ಕದಲ್ಲೇ ತುಂಬಬೇಕು. ಇದನ್ನು ಹೇಳಲು ಸೇಲ್ಸ್‌ನವರಿಗೆ ಅರ್ಧ ನಿಮಿಷ ಸಾಕು. ಹೇಳಿದರೆ ಗಿರಾಕಿ ಯೋಚಿಸತೊಡಗುತ್ತಾನೆ ಎಂಬ ಭಯಕ್ಕೆ ಹೇಳುವುದಿಲ್ಲ.

ಎರಡನೆಯ ಸಂಗತಿ ಸ್ಪಿನ್. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು ಮುಕ್ಕಾಲು ಯೂನಿಟ್‌ಗೆ ಹತ್ತಿರ ಕರೆಂಟು ಬೇಕು. ಇದನ್ನು ಯಾವ ಕಂಪನಿಯೂ ತಪ್ಪಿಸಿಕೊಳ್ಳಲಾಗದು, ಅದು ನೀರಿನ ಗುಣ. 5 ಕೆ.ಜಿ. ಹತ್ತಿ ಬಟ್ಟೆಯನ್ನು 1400ರ ವೇಗದಲ್ಲಿ ಹಿಂಡಿದರೂ ಒಳಗೆ ಎರಡೂವರೆ ಲೀಟರಿನಷ್ಟು ನೀರು ಉಳಿದಿರುತ್ತದೆ. ಸದ್ದಾಗುತ್ತದೆ, ಬಟ್ಟೆ ಹಾಳಾಗುತ್ತದೆ ಎಂದು 600ಕ್ಕೋ 800ಕ್ಕೋ ಇಳಿಸಿದರೆ ಉಳಿಯುವ ನೀರು ಇನ್ನೂ ಹೆಚ್ಚು. ಹಿಂಡುವ ಮೋಟಾರು ಚಿಲ್ಲರೆ ಖರ್ಚಿನಲ್ಲಿ ತೆಗೆಯಬಹುದಾಗಿದ್ದ ಆ ನೀರನ್ನು ಹೀಟರು ಗಂಟೆಗಟ್ಟಲೆ ಉರಿದು ತೆಗೆಯಬೇಕಾಗುತ್ತದೆ. ಇನ್ನು ಗುಂಡಿ ಹಾಕದ ದಿಂಬಿನ ಕವರೋ ರಜಾಯಿ ಕವರೋ ಉಳಿದ ಬಟ್ಟೆಯನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಒಂದೇ ಮುದ್ದೆಯಾದರೆ, ಡ್ರಮ್ಮು ತೂಗಾಡುವುದನ್ನು ಕಂಡು ಮಷಿನ್ ತಾನಾಗಿಯೇ ವೇಗ ಇಳಿಸಿಬಿಡುತ್ತದೆ. ನೀವು 1400 ಎಂದು ಒತ್ತಿದ್ದರೂ ಅಷ್ಟು ತಿರುಗಿರುವುದಿಲ್ಲ.

ಮೂರನೆಯದನ್ನು ಹೇಳಿದಾಗ ಯಾರೂ ಕೂಡಲೇ ನಂಬುವುದಿಲ್ಲ. ಬಟ್ಟೆ ಒಣಗಿಸಲಿಕ್ಕೂ ಈ ಮಷಿನ್‌ಗಳಿಗೆ ನೀರು ಬೇಕು. ಹೊರಗೆ ಹಬೆ ಬಿಡುವ ಕೊಳವೆ ಇವಕ್ಕಿಲ್ಲ. ಬಟ್ಟೆಯಿಂದ ಎದ್ದ ಹಬೆಯನ್ನು ಕಂಡೆನ್ಸರ್ ಎಂಬ ಗೂಡಿಗೆ ಒಯ್ದು, ಅಲ್ಲಿ ನಲ್ಲಿಯ ತಣ್ಣೀರು ಹರಿಸಿ, ಹಬೆಯನ್ನು ಮತ್ತೆ ನೀರಾಗಿಸಿ ಪಂಪಿನಿಂದ ಹೊರಹಾಕುತ್ತವೆ. ಹೀಟ್ ಪಂಪ್ ಇರುವ ಹೊಸ ಮಾದರಿಗಳ ಕ್ರಮ ಬೇರೆ. ಹಳೆಯ ಬಗೆಯವೇ ನಾನು ಹೋಗುವ ಮನೆಗಳಲ್ಲಿ ಹೆಚ್ಚು. ಬಿಜೈಯ ಒಬ್ಬರು ಅಕ್ಕ ತೊಳೆದು ಮುಗಿದ ಸದ್ದು ಕೇಳಿದ ತಕ್ಷಣ ಎದ್ದು ಹೋಗಿ ನಲ್ಲಿ ತಿರುಗಿಸಿ ಬಂದ್ ಮಾಡುತ್ತಿದ್ದರು. ‘ಪೈಪು ಬಿಟ್ರೆ ಮನೆಯೆಲ್ಲ ನೀರಲ್ವಾ’ ಎಂದರು. ಅವರ ಎಚ್ಚರಿಕೆಯಲ್ಲಿ ತಪ್ಪೇನಿಲ್ಲ. ಒಣಗಿಸುವಾಗಲೂ ನಲ್ಲಿ ತೆರೆದಿರಬೇಕೆಂದು ಮಷಿನ್ ಕೂರಿಸಲು ಬಂದ ಹುಡುಗ ಹೇಳಿರಲಿಲ್ಲ. ನನಗಿಂತ ಮೊದಲು ಅವರ ಮನೆಗೆ ಬಂದ ಇನ್ನೊಬ್ಬರು ಮೆಕ್ಯಾನಿಕ್ ಬೋರ್ಡ್ ಬದಲಿಸಬೇಕೆಂದು ಸಾವಿರಗಟ್ಟಲೆಯ ಎಸ್ಟಿಮೇಟ್ ಕೊಟ್ಟು ಹೋಗಿದ್ದರು.

ಮಳೆಗಾಲದ ತೇವದ ಗಾಳಿಗೆ ಮಷಿನ್ ಸೋಲುತ್ತದೆ ಎಂಬುದು ಇನ್ನೊಂದು ನಂಬಿಕೆ. ಒಳಗಿನ ಗಾಳಿ ಒಳಗೇ ಸುತ್ತುವುದರಿಂದ ಹೊರಗಿನ ತೇವ ಹೆಚ್ಚೇನೂ ಬಾಧಿಸದು. ಹಾಗೆ ನೋಡಿದರೆ ಇವಕ್ಕೆ ಕಷ್ಟದ ತಿಂಗಳು ಮೇ. ತಾರಸಿಯ ಕಪ್ಪು ಟ್ಯಾಂಕಿನಲ್ಲಿ ಮಧ್ಯಾಹ್ನ ಕಾದ ನೀರಿಗೆ ಹಬೆಯನ್ನು ತಣಿಸುವ ಶಕ್ತಿ ಎಲ್ಲಿಂದ ಬರಬೇಕು? ಆಗ ಬೆಳಗಿನ ಜಾವ ಹಾಕಿ ಎನ್ನುತ್ತೇನೆ. ಮಳೆಯಲ್ಲಿ ನಿಜವಾಗಿ ಕಾಡುವುದು ವೋಲ್ಟೇಜು. 230 ವೋಲ್ಟಿಗೆಂದು ಮಾಡಿದ ಹೀಟರು 180 ವೋಲ್ಟಿನಲ್ಲಿ ಕೊಡುವ ಶಾಖ ಸುಮಾರು ಶೇ 60 ಮಾತ್ರ. ಡ್ರಮ್ಮು ತಿರುಗುತ್ತಿರುತ್ತದೆ, ದೀಪ ಉರಿಯುತ್ತಿರುತ್ತದೆ, ಬಟ್ಟೆ ಮಾತ್ರ ಒಣಗುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಒಣಗದಿದ್ದರೆ ಆಗ ಮಷಿನ್ನಿನ ಒಳಗೆ ನೋಡಬೇಕು. ಅಲ್ಲಿ ಮೊದಲು ಸಿಗುವುದು ಬಟ್ಟೆಯ ನಾರು. ಬೇರೆಯಾಗಿ ಸಿಗುವ ಡ್ರೈಯರಿನಲ್ಲಿ ನಾರು ಹಿಡಿಯುವ ಜಾಳಿಗೆ ಇರುತ್ತದೆ, ಪ್ರತಿ ಸಲ ತೆಗೆದು ಉಜ್ಜಬಹುದು. ಇವುಗಳಲ್ಲಿ ಎಷ್ಟೋ ಮಾದರಿಗಳಿಗೆ ಅದಿಲ್ಲ. ಒದ್ದೆ ನಾರು ಬಾಗಿಲಿನ ರಬ್ಬರಿಗೆ, ಗಾಳಿಯ ದಾರಿಗೆ, ಕಂಡೆನ್ಸರಿನ ಗೋಡೆಗೆ ಮೆತ್ತಿಕೊಂಡು ಗಾಳಿ ಕಟ್ಟುತ್ತದೆ. ಗಾಳಿ ಕಟ್ಟಿದರೆ ಹೀಟರು ಅತಿಯಾಗಿ ಕಾಯುತ್ತದೆ, ಕಾದೊಡನೆ ಥರ್ಮಲ್ ಕಟ್‌ಆಫ್ ಕರೆಂಟು ತಪ್ಪಿಸುತ್ತದೆ. ಹೆಬ್ಬೆರಳಿನಷ್ಟೂ ಇಲ್ಲದ, ಅಗ್ಗದ ಭಾಗ ಅದು. ಅದನ್ನಷ್ಟೇ ಬದಲಿಸಿ ನಾರು ತೆಗೆಯದೆ ಬಂದರೆ ಮತ್ತೆ ಹೋಗುತ್ತದೆ. ಮತ್ತೆ ಮತ್ತೆ ಹೋಗುತ್ತದೆಂದು ತಂತಿ ಜೋಡಿಸಿ ಕಟ್‌ಆಫನ್ನೇ ತಪ್ಪಿಸುವವರೂ ಇದ್ದಾರೆ. ಇದು ಮನೆಗೆ ಬೆಂಕಿ ಇಡುವ ಕೆಲಸ. 2016ರ ಆಗಸ್ಟಿನಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್ ಎಂಬಲ್ಲಿ 18 ಅಂತಸ್ತಿನ ಕಟ್ಟಡದಲ್ಲಿ ಹೊತ್ತಿದ ಬೆಂಕಿ ಶುರುವಾದದ್ದು ದೋಷವಿದ್ದ ಒಂದು ಡ್ರೈಯರಿನಿಂದ. ಆ ಬಗೆಯ ಡ್ರೈಯರುಗಳಲ್ಲಿ ನಾರು ಹೀಟರಿಗೆ ತಾಗಿ ಹೊತ್ತಿಕೊಳ್ಳುವ ಅಪಾಯವಿದೆಯೆಂದು 2019ರಲ್ಲಿ ಬ್ರಿಟನ್ ಅವನ್ನು ಮನೆಗಳಿಂದ ವಾಪಸು ತರಿಸಿತು. ನಾರನ್ನು ಸಣ್ಣ ಕಸವೆಂದು ನಾನು ಎಂದೂ ಎಣಿಸುವುದಿಲ್ಲ.

ನನ್ನ ವೃತ್ತಿಯವರ ಬಗ್ಗೆಯೂ ಒಂದು ಮಾತು. ಒಣಗುವುದಿಲ್ಲ ಎಂದ ಕೂಡಲೇ ಸುಣ್ಣ ಕರಗಿಸುವ ಪುಡಿಯ ಪ್ಯಾಕೆಟ್ಟು ಮಾರುವುದು ಈಗ ಚಾಳಿಯಾಗಿದೆ. ನೀರು ಕಾಯಿಸುವ ಹೀಟರು ಡ್ರಮ್ಮಿನ ಕೆಳಗೆ ನೀರಿನಲ್ಲಿರುತ್ತದೆ, ಸುಣ್ಣ ಕಟ್ಟುವುದು ಅದಕ್ಕೆ. ಗಾಳಿ ಕಾಯಿಸುವ ಹೀಟರು ಬೇರೆಯೇ, ಗಾಳಿಯ ದಾರಿಯಲ್ಲಿರುತ್ತದೆ. ಪುಡಿ ಹಾಕಿದರೆ ಆ ಹೀಟರಿಗೆ ಆಗುವ ಉಪಕಾರ ಸೊನ್ನೆ. ತಿಳಿಯದ ಕಾಯಿಲೆಗೆಲ್ಲ ‘ಬೋರ್ಡ್ ಹೋಗಿದೆ’ ಎನ್ನುವುದು ಇನ್ನೊಂದು ಚಾಳಿ. ಆದರೆ ಬೈಯುವ ಮುಂಚೆ ಇದನ್ನೂ ಕೇಳಿ: ಕಂಪನಿಯ ಹೊರಗಿನ ಮೆಕ್ಯಾನಿಕ್‌ಗಳಿಗೆ ಸರ್ವಿಸ್ ಮ್ಯಾನುವಲ್ ಸಿಗುವುದು ಅಪರೂಪ, ಎರರ್ ಕೋಡುಗಳ ಅರ್ಥ ಸಿಗುವುದೂ ಅಪರೂಪ. ಕಟ್‌ಆಫ್ ಒಂದನ್ನೇ ಕೇಳಿದರೆ ಹೀಟರಿನ ಇಡೀ ಜೋಡಣೆಯನ್ನೇ ಕೊಳ್ಳಿ ಎನ್ನುತ್ತಾರೆ. ಕತ್ತಲಲ್ಲಿ ಕೈಯಾಡಿಸುವವನು ದೊಡ್ಡ ಭಾಗವನ್ನೇ ಬದಲಿಸುತ್ತಾನೆ, ಆ ಬಿಲ್ಲು ಮನೆಯವರ ತಲೆಗೆ.

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸರಕಿನ ಗುಣಮಟ್ಟ, ಪ್ರಮಾಣ, ಸಾಮರ್ಥ್ಯಗಳ ಬಗ್ಗೆ ತಿಳಿಯುವುದು ಗ್ರಾಹಕರ ಹಕ್ಕು ಎಂದೇ ಇದೆ. ರಿಪೇರಿ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಗೃಹೋಪಯೋಗಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಪೋರ್ಟಲ್ಲಿನಲ್ಲಿ ಕಂಪನಿಯ ಸಹಾಯವಾಣಿಯ ನಂಬರು ಇದ್ದ ಮಾತ್ರಕ್ಕೆ ಕೊಟ್ಟಾರದ ಮೆಕ್ಯಾನಿಕ್‌ನ ಕೈಗೆ ಕಟ್‌ಆಫ್ ಬರುವುದಿಲ್ಲ.

ನಾನು ಕೇಳುವುದು ಮೂರೇ. ಒಣಗಿಸುವ ಅಂಕಿಯನ್ನು ತೊಳೆಯುವ ಅಂಕಿಯಷ್ಟೇ ದಪ್ಪವಾಗಿ ಮಷಿನ್ನಿನ ಮುಂಭಾಗದಲ್ಲೇ ಹಾಕಿಸಿ. ನಲ್ಲಿ ತೆರೆದಿಡಿ, ಸ್ಪಿನ್ ಏರಿಸಿ, ನಾರು ತೆಗೆಯಿರಿ ಎಂಬ ಸೂಚನೆಯನ್ನು ಇಲ್ಲಿ ಮಾರುವ ಮಷಿನ್‌ಗಳ ಬಾಗಿಲಿಗೆ ಕನ್ನಡದಲ್ಲಿ ಅಂಟಿಸಿ. ಕಟ್‌ಆಫ್, ಸೆನ್ಸರ್, ಫ್ಯಾನ್‌ಗಳಂಥ ಭಾಗಗಳನ್ನು ಬಿಡಿಬಿಡಿಯಾಗಿ ಯಾರು ಕೇಳಿದರೂ ಮಾರಿ. ‘ಎಲ್ಲ ಮ್ಯಾನುವಲ್ಲಿನಲ್ಲಿದೆ’ ಎಂಬ ಉತ್ತರ ಸಿದ್ಧವಿದೆ, ಗೊತ್ತು. ಮೂವತ್ತನೇ ಪುಟದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿರುವುದನ್ನು ಓದದವರು ದಡ್ಡರಲ್ಲ. ಅರ್ಧ ಲಕ್ಷ ಕೊಟ್ಟವರಿಗೆ ಬಾಯಿಬಿಟ್ಟು ಹೇಳದವರದ್ದು ತಪ್ಪು.

ಈ ಮಷಿನ್ ಬೇಡವೆನ್ನುವವನಲ್ಲ ನಾನು. ಆಟಿಯ ಮಳೆಯಲ್ಲಿ ಕೂಸಿನ ಬಟ್ಟೆಗಳನ್ನು ಫ್ಯಾನಿನಡಿ ಹರವಿ ಕಾಯುವ ಬಾಣಂತಿಯ ಮನೆಯಲ್ಲಿ, ಎರಡು ಮಷಿನ್‌ಗಳಿಗೆ ಜಾಗವಿಲ್ಲದ ಬಾಲ್ಕನಿಯಲ್ಲಿ, ಅದರ ಬೆಲೆ ನನಗೆ ಗೊತ್ತು. ಈ ಸಲ ಒಣಗಲಿಲ್ಲವಾದರೆ ಯಾರಿಗೂ ಫೋನ್ ಮಾಡುವ ಮುಂಚೆ ಅರ್ಧ ಬಟ್ಟೆ ಹೊರತೆಗೆಯಿರಿ. ದಪ್ಪ ಹತ್ತಿಯನ್ನೂ ತೆಳು ಪಾಲಿಯೆಸ್ಟರನ್ನೂ ಬೇರೆ ಮಾಡಿ. ನಲ್ಲಿ ಪೂರ್ತಿ ತೆರೆದು, ಕೆಳಗಿನ ಪಂಪ್ ಫಿಲ್ಟರ್ ಬಿಚ್ಚಿ ತೊಳೆದು, ಬಟ್ಟೆ ತಡೆಯುವಷ್ಟು ಸ್ಪಿನ್ ಏರಿಸಿ ಒಮ್ಮೆ ಓಡಿಸಿ. ಮುಗಿದ ಮೇಲೆ ಬಟ್ಟೆಯನ್ನು ಕೊಡವಿ ಹತ್ತು ನಿಮಿಷ ಹರಡಿ. ಬಿಸಿಯಿದ್ದಾಗ ಒದ್ದೆಯೆನಿಸಿದ್ದು ಆರಿದ ಮೇಲೆ ಒಣಗಿರುವುದುಂಟು. ಇದನ್ನೆಲ್ಲ ಬರೆದರೆ ನನ್ನ ಮಳೆಗಾಲದ ಸಂಪಾದನೆಗೇ ಕಲ್ಲು ಎಂದು ಮಗ ಗೊಣಗುತ್ತಾನೆ. ನಲ್ಲಿ ತಿರುಗಿಸಿಕೊಟ್ಟು ವಿಸಿಟಿಂಗ್ ಚಾರ್ಜು ಕೇಳುವುದಕ್ಕಿಂತ ಕೆಟ್ಟ ಮಷಿನನ್ನು ಸರಿಮಾಡಿ ಕೂಲಿ ಕೇಳುವುದೇ ನನಗೆ ಹಿತ.