ಶಾದಿ ಮಹಲ್‌ಗೆ ಸಾವಿರ ದೀಪ, ಶಾಲೆಗೆ ಒಂದು ಬಲ್ಬು ಬೇಡವೇ?

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಮದುವೆಯ ದಿನಗಳು ಬಂದವೆಂದರೆ ಶಾದಿ ಮಹಲ್‌ಗಳು ಝಗಮಗಿಸುತ್ತವೆ. ಆ ದೀಪದ ಸರಗಳನ್ನು ಕಟ್ಟಲು ಏಣಿ ಹತ್ತುವವರಲ್ಲಿ ಶಾಲೆ ಬಿಟ್ಟ ನಮ್ಮ ಹುಡುಗರೂ ಇದ್ದಾರೆ. ತಂತಿಯ ಹೊದಿಕೆಯನ್ನು ಹಲ್ಲಿನಿಂದ ಸುಲಿಯುತ್ತಿರುವ ಹುಡುಗನೊಬ್ಬನನ್ನು ನಿಲ್ಲಿಸಿ, ಕರೆಂಟು ಎಂದರೇನೆಂದು ಕೇಳಿ ನೋಡಿರಿ. ಏಳನೆಯ ತರಗತಿ ಮುಗಿಸಿದವನಾದರೂ ಅವನು ನಿರುತ್ತರನಾಗುತ್ತಾನೆ. ತಪ್ಪು ಅವನದೇ?

ಪಾಠ ಪುಸ್ತಕದಲ್ಲಿದೆ. ಕನ್ನಡ ಮಾಧ್ಯಮದ ಮಗು ಅದನ್ನು ‘ವಿದ್ಯುತ್ ಪ್ರವಾಹ’ವೆಂದೂ ಉರ್ದು ಮಾಧ್ಯಮದ ಮಗು ‘ಬರ್ಖೀ ರೌ’ ಎಂದೂ ಬಾಯಿಪಾಠ ಮಾಡುತ್ತದೆ. ಮನೆಯಲ್ಲಿ ಇಬ್ಬರಿಗೂ ಅದು ಬರುವ, ಹೋಗುವ, ಬಲ್ಬು ‘ತಿನ್ನುವ’ ಕರೆಂಟು. ಈ ಎರಡು ತಿಳುವಳಿಕೆಗಳನ್ನು ಬೆಸೆಯಬೇಕಾದ ಪ್ರಯೋಗ ಮಾತ್ರ ಎಷ್ಟೋ ತರಗತಿಗಳಲ್ಲಿ ನಡೆಯುವುದೇ ಇಲ್ಲ.

ಅದಕ್ಕೆ ಪ್ರಯೋಗಾಲಯವೇನೂ ಬೇಕಿಲ್ಲ. ಎರಡು ಸೆಲ್ಲು, ಒಂದೇ ಬಗೆಯ ಎರಡು ಟಾರ್ಚ್ ಬಲ್ಬು, ಮೂರು ತುಂಡು ತಂತಿ ಸಾಕು. ಬಲ್ಬುಗಳನ್ನು ಒಂದರ ನಂತರ ಒಂದರಂತೆ ಜೋಡಿಸಿದರೆ ಎರಡೂ ಸಮನಾಗಿ ಬೆಳಗುತ್ತವೆ. ಮೊದಲನೆಯದು ಕರೆಂಟನ್ನು ತಿಂದಿದ್ದರೆ ಎರಡನೆಯದು ಮಂಕಾಗಬೇಕಿತ್ತಲ್ಲವೇ? ಒಂದು ತಂತಿಯನ್ನು ಬಿಚ್ಚಿದೊಡನೆ ಎರಡೂ ಆರಿಹೋಗುತ್ತವೆ. ಪ್ರವಾಹವು ಮಂಡಲವನ್ನು ಸುತ್ತಿ ಮರಳುತ್ತದೆ. ವ್ಯಯವಾಗುವುದು ಸೆಲ್ಲಿನ ಶಕ್ತಿ.

ಇದಕ್ಕೆ ಉದಾಹರಣೆ ನಮ್ಮ ಹೊಲಗಳ ನಡುವೆಯೇ ಹರಿಯುತ್ತಿದೆ. ನಾರಾಯಣಪುರ ಜಲಾಶಯದಿಂದ ಕೃಷ್ಣೆಯ ನೀರನ್ನು ತರುವ ಶಹಾಪುರ ಶಾಖಾ ಕಾಲುವೆಯ ಮೇಲೆ ಕಿರು ಜಲವಿದ್ಯುತ್ ಘಟಕಗಳಿವೆ. ಅಲ್ಲಿನ ಯಂತ್ರ ನೀರನ್ನು ಕುಡಿಯುವುದಿಲ್ಲ. ಬಂದಷ್ಟು ನೀರು ಮುಂದಕ್ಕೆ ಹೋಗುತ್ತದೆ. ಯಂತ್ರ ಪಡೆದುಕೊಳ್ಳುವುದು ನೀರು ಬೀಳುವ ರಭಸದ ಶಕ್ತಿಯನ್ನು ಮಾತ್ರ. ಬಲ್ಬು ಮಾಡುವುದೂ ಅದನ್ನೇ. ಮನೆಗೆ ಬರುವ ಬಿಲ್ಲಿನ ‘ಯುನಿಟ್’ ಕೂಡ ಶಕ್ತಿಯ ಲೆಕ್ಕವೇ.

ಇದು ಅಂಕಗಳ ಪ್ರಶ್ನೆ ಮಾತ್ರವಲ್ಲ, ಜೀವದ ಪ್ರಶ್ನೆ. ಸೆಲ್ಲಿನದು ಒಂದೂವರೆ ವೋಲ್ಟ್. ಗೋಡೆಯ ಪ್ಲಗ್ಗಿನದು 230 ವೋಲ್ಟ್. ಒದ್ದೆ ಕೈಯಿಂದ ಬರಿಗಾಲಿನಲ್ಲಿ ನಿಂತು ತಂತಿ ಮುಟ್ಟಿದವನ ದೇಹವೇ ಮಂಡಲದ ಒಂದು ತುಂಡಾಗಿ, ಪ್ರವಾಹ ಅವನ ಮೂಲಕ ಭೂಮಿಗಿಳಿಯುತ್ತದೆ. ಇದನ್ನು ಸೆಲ್ಲು, ಬಲ್ಬಿನಲ್ಲಿ ಕಲಿಯದ ಬಾಲಕ ಏಣಿಯ ಮೇಲೆ ಕಲಿಯಬೇಕೇ?

ಸರ್ಕಾರದ ಹೊಣೆ ಸ್ಪಷ್ಟ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು 52 ಶೇಕಡಾ, ರಾಜ್ಯದಲ್ಲೇ ಅತಿ ಕಡಿಮೆ. ಮಹಿಳೆಯರದು 41 ಶೇಕಡಾ. 2024ರ ಎಸ್ಸೆಸ್ಸೆಲ್ಸಿಯಲ್ಲೂ ಜಿಲ್ಲೆಗೆ ಕೊನೆಯ ಸ್ಥಾನ. 371(ಜೆ) ವಿಧಿಯ ಹೆಸರಿನಲ್ಲಿ ಮಂಡಳಿಯಿದೆ, ಕೋಟಿಗಟ್ಟಲೆ ಅನುದಾನವಿದೆ. ವಿಜ್ಞಾನ ಶಿಕ್ಷಕರನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಆದರೆ ಸರ್ಕಾರವನ್ನು ದೂರಿ ಕೈತೊಳೆದುಕೊಳ್ಳುವ ಸಮುದಾಯಕ್ಕೆ ಆ ಹಕ್ಕಿನ ನೈತಿಕ ಬಲವೆಲ್ಲಿಂದ ಬರಬೇಕು? ಒಂದು ರಾತ್ರಿಯ ದೀಪಾಲಂಕಾರದ ಬಾಡಿಗೆಯಲ್ಲಿ ಒಂದು ತರಗತಿಯ ಎಲ್ಲ ಮಕ್ಕಳ ಕೈಗೂ ಸೆಲ್ಲು, ಬಲ್ಬು ತಲುಪಬಹುದು. ಇದು ‘ದುನ್ಯವೀ’ ವಿದ್ಯೆ, ದೀನ್‌ಗೆ ಸಂಬಂಧಿಸಿದ್ದಲ್ಲ ಎನ್ನುವವರೂ ಇದ್ದಾರೆ. ಪವಿತ್ರ ಕುರ್‌ಆನಿನ ಅವತೀರ್ಣ ಆರಂಭವಾದದ್ದೇ ಓದಿನ ಆದೇಶದಿಂದ ಎಂಬುದನ್ನು ಅವರು ಮರೆತರೇ? ಸಾವಿರ ವರ್ಷಗಳ ಹಿಂದೆ ಇಬ್ನುಲ್ ಹೈಸಮ್ ಬೆಳಕಿನ ಸ್ವಭಾವವನ್ನು ಅರಿತದ್ದು ಬಾಯಿಪಾಠದಿಂದಲ್ಲ. ಕತ್ತಲೆ ಕೋಣೆಯ ಮುಂದೆ ದೀಪಗಳನ್ನಿಟ್ಟು ಪರೀಕ್ಷಿಸಿ. ಅವರ ಹೆಸರನ್ನು ವೇದಿಕೆಗಳಲ್ಲಿ ಹೊಗಳಿ, ನಮ್ಮ ಮಕ್ಕಳ ಕೈಗೆ ಎರಡು ಸೆಲ್ಲನ್ನೂ ಕೊಡದಿರುವುದು ಆತ್ಮವಂಚನೆ.

ಮಸೀದಿ ಸಮಿತಿಗಳು ತಮ್ಮ ಮೊಹಲ್ಲಾದ ಶಾಲೆಗೊಮ್ಮೆ ಹೋಗಿ, ವಿಜ್ಞಾನದ ಪಾಠ ಹೇಗೆ ನಡೆಯುತ್ತಿದೆಯೆಂದು ವಿಚಾರಿಸಲಿ. ಅನುಭವಿ ಎಲೆಕ್ಟ್ರಿಷಿಯನ್ನರು ಶಿಕ್ಷಕರ ಅನುಮತಿ ಪಡೆದು ಒಂದು ತಾಸು ಮಕ್ಕಳೊಂದಿಗೆ ಕಳೆಯಲಿ. ಏಳನೆಯ ತರಗತಿಗೇ ಮಗಳ ಶಾಲೆ ಬಿಡಿಸುವ ತಂದೆ, ಆಕೆಯ ಕೈಯಲ್ಲೂ ಬಲ್ಬು ಬೆಳಗಲೆಂದು ಮನಸ್ಸು ಬದಲಿಸಲಿ. ಮದುವೆಯ ದೀಪಗಳು ಬೆಳಗಾಗುವುದರೊಳಗೆ ಆರಿಹೋಗುತ್ತವೆ. ಆ ಮಗಳು ಪಡೆದ ಅರಿವು ಅವಳ ಮಕ್ಕಳನ್ನೂ ಮುಟ್ಟುತ್ತದೆ.