ಬಾಗಿದ ಫೋರ್ಕ್ ಹೇಳುವ ಸುಳ್ಳು

ಗಾಲಿಗಳು ಬುಗುರಿಯಂತೆ ತಿರುಗುವುದರಿಂದಲೇ ಸೈಕಲ್ ಬೀಳುವುದಿಲ್ಲ ಎಂಬ ಶಾಲೆಯ ಪಾಠ ಅರ್ಧ ಸತ್ಯವಷ್ಟೇ. 1970ರಲ್ಲಿ ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಡೇವಿಡ್ ಜೋನ್ಸ್ 'ಫಿಸಿಕ್ಸ್ ಟುಡೇ' ಪತ್ರಿಕೆಯಲ್ಲಿ ಇದನ್ನು ಕೆದಕಿದ. ಯಾರಿಂದಲೂ ಓಡಿಸಲಾಗದ ಸೈಕಲ್ ಮಾಡಬೇಕೆಂಬುದು ಅವನ ಹಟ. ಮುಂಗಾಲಿಯ ಪಕ್ಕ ಉಲ್ಟಾ ತಿರುಗುವ ಇನ್ನೊಂದು ಗಾಲಿ ಕಟ್ಟಿ ಬುಗುರಿಯ ಗುಣವನ್ನು ಅಳಿಸಿದ; ಸೈಕಲ್ ಓಡಿತು. ಫೋರ್ಕನ್ನು ಹಿಂದುಮುಂದಾಗಿಸಿ ತಳ್ಳಿಬಿಟ್ಟ; ಸವಾರನಿಲ್ಲದೆಯೂ ಅದು ಇನ್ನಷ್ಟು ಗಟ್ಟಿಯಾಗಿ ನಿಂತು ಓಡಿತು. ಗಾಲಿಯನ್ನು ಇನ್ನೂ ಮುಂದಕ್ಕೆ ಚಾಚಿದಾಗ ಮಾತ್ರ ತಟ್ಟನೆ ಮಗುಚಿತು.

ಹ್ಯಾಂಡಲ್ ತಿರುಗುವ ಓರೆ ಗೆರೆಯನ್ನು ಕೆಳಕ್ಕೆ ಎಳೆದರೆ ಅದು ಟಯರ್ ನೆಲ ಮುಟ್ಟುವ ಜಾಗಕ್ಕಿಂತ ತುಸು ಮುಂದೆ ನೆಲ ಸೇರುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯ ಪುಟ್ಟ ಗಾಲಿ ಎಳೆದತ್ತ ಹಿಂಬಾಲಿಸುವುದೂ ಇದೇ ಲೆಕ್ಕದಿಂದ. ಫೋರ್ಕನ್ನು ಮುಂದಕ್ಕೆ ಬಾಗಿಸುವುದು ಸ್ಥಿರತೆಗೆಂದು ಹಲವರು ನಂಬಿದ್ದಾರೆ. ಅದು ತಿರುವು ಮುರುವು. ಬಾಗು ಹೆಚ್ಚಿದಷ್ಟೂ ಟ್ರೇಲ್ ಕಡಿಮೆ, ಹ್ಯಾಂಡಲ್ ಹಗುರ. 73 ಡಿಗ್ರಿ ಓರೆ, 34 ಸೆಂಟಿಮೀಟರ್ ತ್ರಿಜ್ಯದ ಗಾಲಿ, 45 ಮಿಲಿಮೀಟರ್ ಬಾಗು ಇದ್ದರೆ ಟ್ರೇಲ್ ಸುಮಾರು 57 ಮಿಲಿಮೀಟರ್. ಬಾಗು 30ಕ್ಕೆ ಇಳಿದರೆ ಸುಮಾರು 73. (ಟ್ರೇಲ್ ಒಂದೇ ಸರ್ವಸ್ವವಲ್ಲ, ಅದೂ ಬುಗುರಿಯ ಗುಣವೂ ಇಲ್ಲದೆ ತಾನೇ ನಿಲ್ಲುವ ಸೈಕಲ್ಲನ್ನು 2011ರಲ್ಲಿ ಸಂಶೋಧಕರು ತೋರಿಸಿದ್ದಾರೆ.)

ಅಪಾಯ ಇರುವುದು ಇಲ್ಲೇ. ಗುಂಡಿಗೋ ಗೋಡೆಗೋ ಗುದ್ದಿದ ಸೈಕಲ್ಲಿನ ಫೋರ್ಕ್ ಹಿಂದಕ್ಕೆ ಮಡಚುತ್ತದೆ, ಬಾಗು ಇಳಿದು ಟ್ರೇಲ್ ಏರುತ್ತದೆ. ಸವಾರ ಕೈ ಬಿಟ್ಟು ಓಡಿಸಿ ನೋಡುತ್ತಾನೆ. ನೆಟ್ಟಗೆ ಹೋಗುತ್ತದೆ! "ಏನೂ ಆಗಿಲ್ಲ ಬಿಡಿ." ದಣಿದ ಲೋಹವೇ ಸೈಕಲ್ಲಿಗೆ ಸುಳ್ಳು ಭರವಸೆ ಕೊಟ್ಟಿರುತ್ತದೆ. ತಿರುವಿನಲ್ಲಿ ಹ್ಯಾಂಡಲ್ ಭಾರವೆನಿಸಿದರೆ, ಮುಂಚೆ ತಾಗದ ಕಾಲ್ಬೆರಳು ಈಗ ಮುಂಗಾಲಿಗೆ ತಾಗಿದರೆ ಸಂಶಯ ಪಡಬೇಕು.

ಬಡಿದು ನೆಟ್ಟಗೆ ಮಾಡಿಸುವವರನ್ನು ದಡ್ಡರೆನ್ನುವಂತಿಲ್ಲ. ಹಾಲು, ಪೇಪರ್ ಹಾಕುವವನಿಗೆ ಸೈಕಲ್ ನಿಂತರೆ ಅಂದಿನ ದುಡಿಮೆಯೂ ನಿಲ್ಲುತ್ತದೆ. ಉಕ್ಕಿನ ಫೋರ್ಕಿನ ಸಣ್ಣ ಬಾಗನ್ನು ಬಲ್ಲವರು ಒಮ್ಮೆ ಸರಿಪಡಿಸಿಯಾರು. ಆದರೆ ಬಣ್ಣ ಸುಕ್ಕುಗಟ್ಟಿದ, ಬಿರುಕು ಬಿಟ್ಟ ಫೋರ್ಕನ್ನು, ಅಲ್ಯುಮಿನಿಯಂ ಅಥವಾ ಕಾರ್ಬನ್ನಿನದಾದರೆ ಎಷ್ಟೇ ಬಾಗಿರಲಿ, ಎಸೆಯಬೇಕು. ಹಿಂಗಾಲಿ ಮುರಿದರೆ ಸೈಕಲ್ ನಿಲ್ಲುತ್ತದೆ. ಫೋರ್ಕ್ ಮುರಿದರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ. ಮೆಕ್ಯಾನಿಕ್ ಮೊದಲು ಸುತ್ತಿಗೆಯನ್ನಲ್ಲ, ಟಾರ್ಚನ್ನು ಎತ್ತಿಕೊಂಡು ಫೋರ್ಕಿನ ಎರಡು ಕಾಲು ಕೂಡುವ ಜಾಗದ ಬಣ್ಣ ನೋಡಲಿ.